ಯಾವುದಕ್ಕೂ ಅಂಟದ ಪ್ಲಾಸ್ಟಿಕ್ಕಿನಲ್ಲಿ ರಕ್ತ ಯಾಕೆ ಹೆಪ್ಪುಗಟ್ಟುತ್ತೆ? ಅವ್ವನ ಗ್ರಾಫ್ಟ್ ಎರಡನೇ ಸಲ ಮುಚ್ಚಿದೆ

ಸಿಂಧನೂರು ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಅವ್ವನಿಗೆ 62 ವರ್ಷ. ಮೂರು ವರ್ಷದಿಂದ ಡಯಾಲಿಸಿಸ್ ನಡೆದಿದೆ. ವಾರಕ್ಕೆ ಎರಡು ಸಲ ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋಗಿ ಸಂಜೆ ವಾಪಸ್ ಬರುತ್ತೇವೆ.

ಮೊದಲು ಮಣಿಕಟ್ಟಿನ ಹತ್ತಿರ ಫಿಸ್ಟುಲಾ ಮಾಡಿದ್ದರು, ಅಂದರೆ ಸೂಜಿ ಹಾಕಲು ಕೈಯ ಎರಡು ರಕ್ತನಾಳ ಜೋಡಿಸಿದ್ದರು. ಅವ್ವನ ರಕ್ತನಾಳ ಸಣ್ಣವು, ಅದು ಬಲಿಯಲೇ ಇಲ್ಲ. ಆಮೇಲೆ ಮೊಳಕೈ ಮೇಲೆ ಪ್ಲಾಸ್ಟಿಕ್ ಗ್ರಾಫ್ಟ್ ಹಾಕಿದರು, ಎರಡು ರಕ್ತನಾಳಗಳ ನಡುವೆ ಕೂರಿಸುವ ನಳಿಗೆ. ಏಳು ತಿಂಗಳಿಗೆ ಅದು ಮುಚ್ಚಿಕೊಂಡಿತು. ಸಾಲ ಮಾಡಿ ತೆರೆಸಿದೆವು. ಮೊನ್ನೆ ಸೋಮವಾರ ಮತ್ತೆ ಮುಚ್ಚಿದೆ. ಈಗ ಕುತ್ತಿಗೆಯಲ್ಲಿ ಕ್ಯಾಥೆಟರ್ ಕೊಳವೆ ಇಟ್ಟಿದ್ದಾರೆ. ಅವ್ವ ತಲೆ ಮೇಲೆ ನೀರು ಹಾಕಿಕೊಳ್ಳುವ ಹಾಗಿಲ್ಲ, ಒಂದೇ ಮಗ್ಗುಲಿಗೆ ಮಲಗುತ್ತಾಳೆ.

ಯಾಕೆ ಹೀಗೆ ಅಂತ ಕೇಳಿದರೆ, "ಪ್ಲಾಸ್ಟಿಕ್ ಅಲ್ವಾ, ಆಗುತ್ತೆ" ಅಂದರು. ನನಗೆ ಆ ಮಾತು ಒಪ್ಪಲು ಆಗುತ್ತಿಲ್ಲ. ಗ್ರಾಫ್ಟ್ ಟೆಫ್ಲಾನ್ ಜಾತಿಯದು ಅಂತ ಕೇಳಿ ತಿಳಿದುಕೊಂಡೆ. ಟೆಫ್ಲಾನ್ ಯಾವ ಆಮ್ಲಕ್ಕೂ ಬಗ್ಗಲ್ಲ, ಯಾವುದಕ್ಕೂ ಅಂಟಲ್ಲ ಅಂತ ನಾನೇ ಪ್ರತಿ ವರ್ಷ ಮಕ್ಕಳಿಗೆ ಹೇಳಿಕೊಡುತ್ತೇನೆ. ದೋಸೆ ಹಿಟ್ಟೂ ಹಿಡಿಯದ ವಸ್ತು ರಕ್ತವನ್ನು ಯಾಕೆ ಕೆಣಕುತ್ತೆ? ರಕ್ತಕ್ಕೆ ಒಗ್ಗುವ ಪ್ಲಾಸ್ಟಿಕ್ ಮಾಡಲು ಇಷ್ಟು ವರ್ಷದಲ್ಲಿ ಯಾಕೆ ಆಗಿಲ್ಲ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಸಮಾಧಾನದ ಮಾತು ಬೇಡ, ಕಾರಣ ಬೇಕು.

ರಾಯಚೂರು ಡಯಾಲಿಸಿಸ್ ಸಿಸ್ಟರ್:

ಮೇಷ್ಟ್ರೇ, ನಾನು ಹನ್ನೊಂದು ವರ್ಷದಿಂದ ಡಯಾಲಿಸಿಸ್ ಟೆಕ್ನಿಷಿಯನ್. ಊರಿನವರೆಲ್ಲ ಸಿಸ್ಟರ್ ಅಂತಲೇ ಕರೆಯುತ್ತಾರೆ. ಪ್ಲಾಸ್ಟಿಕ್ಕಿನ ಉತ್ತರ ಓದಿದವರು ಕೊಡಲಿ. ನನ್ನದು ಬೇರೆ ಪ್ರಶ್ನೆ.

ಗ್ರಾಫ್ಟ್ ಮೇಲೆ ಬೆರಳಿಟ್ಟರೆ ಝುಮ್ ಅನ್ನುತ್ತೆ, ನಡೆಯುತ್ತಿರುವ ಹಿಟ್ಟಿನ ಗಿರಣಿಯ ಗೋಡೆ ಮುಟ್ಟಿದ ಹಾಗೆ. ಅದನ್ನು ದಿನಾ ಮುಟ್ಟಿ ನೋಡುತ್ತಿದ್ದಿರಾ? ಮುಚ್ಚುವ ಮುಂಚೆ ಅದು ಕಮ್ಮಿ ಆಗಿತ್ತಾ? ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕಾಗುತ್ತಿತ್ತಾ? ಮಷಿನ್ನಿನಲ್ಲಿ ವೀನಸ್ ಪ್ರೆಷರ್ ಅಂತ, ರಕ್ತ ಮೈಗೆ ವಾಪಸ್ ಹೋಗುವಾಗಿನ ಒತ್ತಡದ ಒಂದು ಅಂಕಿ ಬರುತ್ತೆ, ಪ್ರತಿ ಸಲ ಶೀಟಿನಲ್ಲಿ ಬರೆಯುತ್ತಾರೆ. ಹಿಂದಿನ ಎರಡು ತಿಂಗಳ ಶೀಟು ಕೇಳಿ ನೋಡಿ.

ಸಿಂಧನೂರು ಮೇಷ್ಟ್ರು:

ಇಲ್ಲ ಸಿಸ್ಟರ್. ಮುಟ್ಟಿ ನೋಡಬೇಕು ಅಂತ ಗ್ರಾಫ್ಟ್ ಹಾಕಿದ ಆಸ್ಪತ್ರೆಯಲ್ಲಿ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲೂ ಇಲ್ಲ, ಈಗ ಮತ್ತೆ ತೆಗೆದು ನೋಡಿದೆ.

ರಕ್ತ ನಿಲ್ಲುವುದರ ಬಗ್ಗೆ ನೀವು ಕೇಳಿದ ಮೇಲೆ ನೆನಪಾಗುತ್ತಿದೆ. ಕೊನೆಯ ನಾಲ್ಕೈದು ಸಲ ಹತ್ತಿ ಒತ್ತಿ ಹಿಡಿದು ಅರ್ಧ ತಾಸು ಕೂತಿದ್ದೆವು. ಅವ್ವನ ರಕ್ತ ತೆಳ್ಳಗಾಗಿದೆ, ಇನ್ನು ಗ್ರಾಫ್ಟ್ ಮುಚ್ಚಲ್ಲ, ಒಳ್ಳೇದೇ ಆಯಿತು ಅಂತ ನಾನು ಅಂದುಕೊಂಡಿದ್ದೆ.

ರಾಯಚೂರು ಡಯಾಲಿಸಿಸ್ ಸಿಸ್ಟರ್:

ನಿಮ್ಮ ತಪ್ಪಲ್ಲ ಮೇಷ್ಟ್ರೇ. ಹೇಳದಿದ್ದರೆ ಯಾರಿಗೆ ಹೇಗೆ ಗೊತ್ತಾಗಬೇಕು? ರಕ್ತ ಮುಂದೆ ಹೋಗಲು ದಾರಿ ಇಕ್ಕಟ್ಟಾದರೆ ಒಳಗಿನ ಒತ್ತಡ ಏರುತ್ತೆ. ಆಗ ಸೂಜಿ ತೂತಿನಿಂದ ರಕ್ತ ಬೇಗ ನಿಲ್ಲಲ್ಲ. ಶೀಟು ತೆಗೆಸಿ. ತಡ ಮಾಡಬೇಡಿ, ಮುಚ್ಚಿದ ಗ್ರಾಫ್ಟನ್ನು ಬೇಗ ತೋರಿಸಿದಷ್ಟು ತೆರೆಯಲು ಸುಲಭ.

ಕುಷ್ಟಗಿ ಪಾಲಿಮರ್:

ಮೇಷ್ಟ್ರೇ, ನನ್ನ ಊರು ಕುಷ್ಟಗಿ. ರಕ್ತಕ್ಕೆ ತಾಗುವ ಪಾಲಿಮರ್, ಅಂದರೆ ಪ್ಲಾಸ್ಟಿಕ್ ಜಾತಿಯ ವಸ್ತುಗಳ ಮೇಲೇ ಪಿಎಚ್‌ಡಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲ ಮಾತು. ರಕ್ತಕಣಗಳು ನಿಮ್ಮ ಟೆಫ್ಲಾನನ್ನು ನೋಡುವುದೇ ಇಲ್ಲ. ಅವು ಅಲ್ಲಿಗೆ ಮುಟ್ಟುವ ಮುಂಚೆಯೇ, ಕೆಲವೇ ಸೆಕೆಂಡಿನಲ್ಲಿ, ರಕ್ತದಲ್ಲಿರುವ ಪ್ರೊಟೀನ್‌ಗಳು ಪ್ಲಾಸ್ಟಿಕ್ ಮೇಲೆ ಒಂದು ಪದರ ಹಾಸಿಬಿಟ್ಟಿರುತ್ತವೆ. ಆಮೇಲೆ ಬರುವ, ಹೆಪ್ಪುಗಟ್ಟಿಸುವ ಸಣ್ಣ ಕಣವಾದ ಪ್ಲೇಟ್‌ಲೆಟ್‌ಗೆ ಕಾಣುವುದು ಆ ಹಾಸು ಮಾತ್ರ. ಹಾಸಿನಲ್ಲಿ ಏನಿದೆ, ಅದು ಹೇಗೆ ಕೂತಿದೆ ಅನ್ನುವುದರ ಮೇಲೆ ಮುಂದಿನದು ನಿಂತಿದೆ. ಆಲ್ಬುಮಿನ್ ಅನ್ನುವ ಪ್ರೊಟೀನ್ ಸುಮ್ನೆ ಕೂತಿದ್ದರೆ ಪ್ಲೇಟ್‌ಲೆಟ್ ಅಷ್ಟಾಗಿ ತಲೆ ಕೆಡಿಸಿಕೊಳ್ಳಲ್ಲ. ಹೆಪ್ಪಿನ ಎಳೆ ಕಟ್ಟುವ ಫೈಬ್ರಿನೋಜನ್ ಪ್ರೊಟೀನ್ ಕೂತಿದ್ದರೆ ಬಂದು ಹಿಡಿಯುತ್ತೆ. ಯಾಕೆಂದರೆ ಗಾಯ ಆದಾಗ ಅದು ಹುಡುಕುವುದೇ ಇಂಥ ಜಾಗವನ್ನು.

ಟೆಫ್ಲಾನ್ ಯಾವುದಕ್ಕೂ ಅಂಟಲ್ಲ ಅಲ್ವಾ ಅಂದಿರಿ. ಅದು ಬಾಣಲೆಯ ಮಾತು. ರಕ್ತದಲ್ಲಿ ಅದು ನೀರಿನೊಳಗೆ ಮುಳುಗಿದೆ. ನೀರನ್ನು ದೂರ ಇಡುವ ಎರಡು ವಸ್ತು ನೀರಿನಲ್ಲಿ ಬಿದ್ದರೆ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಸಾರಿನ ಮೇಲೆ ಎಣ್ಣೆಯ ಹನಿಗಳು ಕೂಡಿಕೊಳ್ಳುತ್ತವಲ್ಲ, ಹಾಗೆ. ಪ್ರೊಟೀನ್ ತನ್ನ ನೀರು ಬೇಡದ ಭಾಗಗಳನ್ನು ಒಳಗೆ ಮಡಚಿ ಇಟ್ಟುಕೊಂಡು ಓಡಾಡುತ್ತಿರುತ್ತೆ. ಟೆಫ್ಲಾನ್ ಸಿಕ್ಕ ಕೂಡಲೇ ಮಡಿಕೆ ಬಿಚ್ಚಿ ಆ ಭಾಗವನ್ನೇ ಅದರ ಮೇಲೆ ಚಾಚುತ್ತೆ. ಫೈಬ್ರಿನೋಜನ್ ಹೀಗೆ ಬಿಚ್ಚಿಕೊಂಡಾಗ, ಒಳಗೆ ಅಡಗಿದ್ದ ಪ್ಲೇಟ್‌ಲೆಟ್ ಹಿಡಿಯುವ ಕೊಂಡಿಗಳು ಹೊರಗೆ ಬರುತ್ತವೆ. ನೀವು ಮಕ್ಕಳಿಗೆ ಹೇಳಿಕೊಡುವುದು ತಪ್ಪಲ್ಲ. ಟೆಫ್ಲಾನ್ ರಾಸಾಯನಿಕವಾಗಿ ಏನೂ ಮಾಡುತ್ತಿಲ್ಲ. ಪ್ರೊಟೀನೇ ರೂಪ ಬದಲಿಸುತ್ತಿದೆ.

ಈ ಹಾಸು ನಿಂತ ಹಾಗೆ ನಿಲ್ಲುವುದೂ ಇಲ್ಲ. ಹುಲಿಗಿ ಹುಣ್ಣಿಮೆಗೆ ಹೋಗುವ ಬಸ್ಸು ನೆನಪಿಸಿಕೊಳ್ಳಿ. ಮೊದಲು ಓಡಿ ಬಂದ ಹುಡುಗರು ಸೀಟು ಹಿಡಿಯುತ್ತಾರೆ. ಆಮೇಲೆ ದೊಡ್ಡವರು ಬಂದು ಅವರನ್ನು ಎಬ್ಬಿಸಿ ಕೂರುತ್ತಾರೆ. ರಕ್ತದಲ್ಲೂ ಹಾಗೇ. ಜಾಸ್ತಿ ಸಂಖ್ಯೆಯಲ್ಲಿರುವ, ಬೇಗ ಬರುವ ಆಲ್ಬುಮಿನ್ ಮೊದಲು ಕೂರುತ್ತೆ. ನಿಧಾನಕ್ಕೆ ಬರುವ, ಗಟ್ಟಿಯಾಗಿ ಹಿಡಿಯುವ ಫೈಬ್ರಿನೋಜನ್ ಅದನ್ನು ಸರಿಸಿ ಕೂರುತ್ತೆ. ಅದನ್ನೂ ಸರಿಸುವ ಪ್ರೊಟೀನ್ ಇವೆ. ಇದನ್ನು ಕಂಡುಹಿಡಿದವರು ಲಿಯೋ ವ್ರೋಮನ್. ಡಚ್ ಭಾಷೆಯ ದೊಡ್ಡ ಕವಿಯೂ ಹೌದು. ಅವರ ಹೆಸರಲ್ಲೇ ಇದನ್ನು ವ್ರೋಮನ್ ಪರಿಣಾಮ ಅನ್ನುತ್ತಾರೆ.

ಇನ್ನು ನಮ್ಮ ಸ್ವಂತ ರಕ್ತನಾಳದಲ್ಲಿ ಹೀಗೆ ಯಾಕೆ ಆಗಲ್ಲ? ಅದರ ಒಳಗೋಡೆ ಜೀವಂತ. ಒಂದೇ ಪದರದ ಜೀವಕೋಶಗಳು, ಆದರೆ ಹಗಲೂ ರಾತ್ರಿ ಕೆಲಸ ಮಾಡುತ್ತವೆ. ನೈಟ್ರಿಕ್ ಆಕ್ಸೈಡ್, ಪ್ರೊಸ್ಟಾಸೈಕ್ಲಿನ್ ಅನ್ನುವ ವಸ್ತುಗಳನ್ನು ಬಿಡುತ್ತಾ ಪ್ಲೇಟ್‌ಲೆಟ್‌ಗಳನ್ನು ಸಮಾಧಾನದಲ್ಲಿ ಇಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ನಿನ ಸಂಬಂಧಿಯೊಂದನ್ನು ಮೈ ಮೇಲೆ ಹೊದ್ದುಕೊಂಡಿರುತ್ತವೆ. ಪ್ಲಾಸ್ಟಿಕ್ಕಿಗೆ ಇದ್ಯಾವುದೂ ಬರಲ್ಲ. ಅದು ವಿಷ ಅಲ್ಲ, ಆದರೆ ರಕ್ತಕ್ಕೆ "ಎಲ್ಲಾ ಸರಿ ಇದೆ" ಅಂತ ಹೇಳಲು ಅದಕ್ಕೆ ಬಾಯಿಲ್ಲ.

ರಾಯಚೂರು ಡಯಾಲಿಸಿಸ್ ಸಿಸ್ಟರ್:

ತಂಗಿ, ಎಷ್ಟು ಚೆನ್ನಾಗಿ ಹೇಳಿದಿರಿ. ನಾನು ದಿನಾ ನೋಡುವುದಕ್ಕೂ ಇದಕ್ಕೂ ಹೊಂದುತ್ತೆ. ಲ್ಯಾಬಿನ ಕೆಂಪು ಮುಚ್ಚಳದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ರಕ್ತ ಬೇಗ ಹೆಪ್ಪುಗಟ್ಟಲಿ ಅಂತಲೇ ಒಳಗೆ ಸಿಲಿಕಾ ಬಳಿದಿರುತ್ತಾರೆ. ಅಂದರೆ ಗಾಜಿನಂಥ ಮೈ ಬೇಕು ಅವರಿಗೆ. ಹಾಗಾದರೆ ಗಾಜು ಪ್ಲಾಸ್ಟಿಕ್ಕಿಗಿಂತ ಕೆಟ್ಟದ್ದಾ?

ಇನ್ನೊಂದು. ಹಿಂದೆ ಡಯಾಲಿಸಿಸ್ ಫಿಲ್ಟರ್ ಸೆಲ್ಯುಲೋಸಿನದು ಇರುತ್ತಿತ್ತು ಅಂತ ನಮಗೆ ಪಾಠದಲ್ಲಿ ಹೇಳಿದ್ದರು. ಮಷಿನ್ ಶುರುವಾದ ಮೊದಲ ಕಾಲು ತಾಸಿನಲ್ಲಿ ರೋಗಿಯ ಬಿಳಿ ರಕ್ತಕಣಗಳ ಲೆಕ್ಕ ಧಡಕ್ಕನೆ ಇಳಿಯುತ್ತಿತ್ತಂತೆ, ಆಮೇಲೆ ತಾನೇ ಏರುತ್ತಿತ್ತಂತೆ. ಈಗಿನ ಪಾಲಿಸಲ್ಫೋನ್ ಪ್ಲಾಸ್ಟಿಕ್ಕಿನ ಫಿಲ್ಟರಿನಲ್ಲಿ ಅದು ಬಹಳ ಕಮ್ಮಿ. ಅದೂ ಇದೇ ಕಾರಣಕ್ಕಾ?

ಕುಷ್ಟಗಿ ಪಾಲಿಮರ್:

ಹೌದು ಅಕ್ಕಾ, ಗಾಜು ಇನ್ನೂ ಕೆಟ್ಟದ್ದು. ಅದರ ಮೈ ನೀರನ್ನು ಹಿಡಿಯುತ್ತೆ, ಜೊತೆಗೆ ಋಣ ವಿದ್ಯುದಂಶ ಇರುತ್ತೆ. ಅದಕ್ಕೆ ತಾಗಿದರೆ ಹೆಪ್ಪುಗಟ್ಟುವ ಸರಪಳಿಯ ಹನ್ನೆರಡನೇ ಅಂಶ ಅನ್ನುವ ಪ್ರೊಟೀನ್ ಎಚ್ಚರವಾಗಿ ಒಂದರ ಹಿಂದೆ ಒಂದು ಕೆಲಸ ಶುರು ಮಾಡುತ್ತವೆ. ಹಾಗಾಗಿ "ನೀರು ಒಗ್ಗುವ ಮೈ ಒಳ್ಳೇದು, ಒಗ್ಗದ್ದು ಕೆಟ್ಟದ್ದು" ಅಂತ ಸೀದಾ ಸೂತ್ರ ಬರೆಯಲು ಆಗಲ್ಲ. ನಾನೂ ಮೊದಲ ವರ್ಷ ಹಾಗೇ ಅಂದುಕೊಂಡು ಆರು ತಿಂಗಳು ಕಳೆದೆ.

ಫಿಲ್ಟರಿನ ವಿಷಯ ಮೂರನೇ ದಾರಿ. ಸೆಲ್ಯುಲೋಸಿನ ಮೈ ತುಂಬಾ ಹೈಡ್ರಾಕ್ಸಿಲ್ ಗುಂಪುಗಳು. ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದು ಕಾವಲು ಪಡೆ ಇದೆ, ರೋಗಾಣು ಬಂದರೆ ಹಿಡಿಯಲು. ಅದು ಈ ಮೈಯನ್ನು ಪರಕೀಯ ಅಂತ ತಿಳಿದು ಕೂಗು ಹಾಕುತ್ತೆ. ಬಿಳಿಕಣಗಳು ಕೆರಳಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಹೋಗಿ ನಿಲ್ಲುತ್ತವೆ. ಅದಕ್ಕೇ ಲೆಕ್ಕ ಇಳಿಯುತ್ತಿತ್ತು. 1970ರ ದಶಕದಲ್ಲಿ ಇದು ಗೊತ್ತಾದ ಮೇಲೆ ಫಿಲ್ಟರ್ ಮಾಡುವವರು ಬೇರೆ ಪಾಲಿಮರ್ ಹುಡುಕಿದರು. ಪ್ಲಾಸ್ಟಿಕ್ ಬದಲಿಸಿದ್ದರಿಂದ ರೋಗಿಗೆ ನೇರವಾಗಿ ಒಳ್ಳೇದಾಯಿತು ಅನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಾನ್ವಿ ರೈತ:

ನನಗೆ ಅರ್ಧ ಅರ್ಥ ಆಯಿತು, ಅರ್ಧ ಇಲ್ಲ. ಆದರೂ ಕೇಳುತ್ತೇನೆ. ನಮ್ಮ ಡ್ರಿಪ್ ಪೈಪಿನಲ್ಲಿ ಉಪ್ಪು, ಪಾಚಿ ಕಟ್ಟಿದರೆ ಆಸಿಡ್ ಬಿಟ್ಟು ತೊಳೆಯುತ್ತೇವೆ. ಮನುಷ್ಯನಿಗೆ ಅದು ಆಗಲ್ಲ. ಮೊದಲೇ ಏನೂ ಹಿಡಿಯದ ಹಾಗೆ ಒಳಗೆ ಏನಾದರೂ ಬಳಿದು ಕೊಡಲು ಬರಲ್ವಾ?

ಕುಷ್ಟಗಿ ಪಾಲಿಮರ್:

ಕಾಕಾ, ನಮ್ಮ ಲ್ಯಾಬಿನಲ್ಲಿ ದಿನಾ ಕೂತು ಯೋಚಿಸುವುದು ಇದನ್ನೇ.

ಒಂದು ದಾರಿ, ಪ್ರೊಟೀನಿಗೆ ಕೂರಲು ಜಾಗವೇ ಕೊಡದಿರುವುದು. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಒಂದು ಉದ್ದ ಸರಪಳಿ ಇದೆ. ನೀರೆಂದರೆ ಅದಕ್ಕೆ ಪ್ರಾಣ. ಅದನ್ನು ಪ್ಲಾಸ್ಟಿಕ್ ಮೈ ಮೇಲೆ ಭತ್ತದ ಸಸಿಮಡಿಯಂತೆ ಒತ್ತಾಗಿ ನೆಟ್ಟರೆ, ಸರಪಳಿಗಳು ನೀರು ಹಿಡಿದು ತೂಗಾಡುತ್ತಾ ನಿಲ್ಲುತ್ತವೆ. ಪ್ರೊಟೀನ್ ಹತ್ತಿರ ಬಂದರೆ ಆ ನೀರನ್ನು ಹಿಂಡಿ ತೆಗೆಯಬೇಕು, ಅದು ಸುಲಭ ಅಲ್ಲ. ತಳ್ಳಿಸಿಕೊಂಡು ವಾಪಸ್ ಹೋಗುತ್ತೆ. ಸಸಿ ವಿರಳವಾದರೆ ನಡುವೆ ಕಳೆ ಬಂದ ಹಾಗೆ ಪ್ರೊಟೀನ್ ನುಗ್ಗುತ್ತೆ. ಇನ್ನೊಂದು ಕೊರತೆ, ಮೈಯೊಳಗೆ ಕಾಲ ಕಳೆದಂತೆ ಆಮ್ಲಜನಕದಿಂದ ಈ ಸರಪಳಿ ಸವೆಯುತ್ತೆ.

ಎರಡನೇ ದಾರಿ ನನಗೆ ತುಂಬಾ ಇಷ್ಟ. ನಮ್ಮ ಜೀವಕೋಶದ ಹೊರಪೊರೆಯ ಕೊಬ್ಬಿನ ತುದಿಯಲ್ಲಿ ಫಾಸ್ಫೊರಿಲ್‌ಕೋಲೀನ್ ಅಂತ ಒಂದು ಗುಂಪು ಇರುತ್ತೆ. ಒಂದೇ ಗುಂಪಿನಲ್ಲಿ ಧನವೂ ಇದೆ, ಋಣವೂ ಇದೆ, ಒಟ್ಟು ಲೆಕ್ಕ ಸೊನ್ನೆ. ಜಪಾನಿನ ವಿಜ್ಞಾನಿಗಳು, ಮುಖ್ಯವಾಗಿ ಕಜುಹಿಕೊ ಇಶಿಹಾರ, ಇದೇ ಗುಂಪನ್ನು ಪಾಲಿಮರಿಗೆ ಜೋಡಿಸಿದರು. ಅದನ್ನು ಬಳಿದರೆ ಪ್ರೊಟೀನ್ ಬಹಳ ಕಮ್ಮಿ ಹಿಡಿಯುತ್ತೆ. ರಕ್ತಕ್ಕೆ ಅದು ತನ್ನವರದೇ ಮೈ ಇದ್ದ ಹಾಗೆ. ಹೃದಯಕ್ಕೆ ಸಹಾಯ ಮಾಡುವ ಪಂಪಿನ ಒಳಮೈಗೂ ಇದನ್ನು ಬಳಿದಿದ್ದಾರೆ.

ಮೂರನೆಯದು ಹಳೆಯದು, ಹೆಪಾರಿನ್. 1916ರಲ್ಲಿ ಜೇ ಮ್ಯಾಕ್ಲೀನ್ ಅನ್ನುವ ವಿದ್ಯಾರ್ಥಿಗೆ ಇದರ ಸುಳಿವು ಸಿಕ್ಕಿತು. ಅವನು ಹುಡುಕುತ್ತಿದ್ದದ್ದು ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು, ಸಿಕ್ಕಿದ್ದು ಅದಕ್ಕೆ ಪೂರ್ತಿ ಉಲ್ಟಾ. 1963ರಲ್ಲಿ ವಿನ್ಸೆಂಟ್ ಗಾಟ್ ಅನ್ನುವ ಸರ್ಜನ್, ಗ್ರಾಫೈಟ್ ಬಳಿದು ಅದರ ಮೇಲೆ ಹೆಪಾರಿನ್ ಕೂರಿಸಿದರೆ ರಕ್ತ ಹಿಡಿಯಲ್ಲ ಅಂತ ತೋರಿಸಿದರು. ಆದರೆ ಹಾಗೆ ಕೂರಿಸಿದ್ದು ಮೆಲ್ಲಗೆ ರಕ್ತಕ್ಕೆ ಬಿಟ್ಟುಹೋಗುತ್ತಿತ್ತು. ಆಮೇಲೆ ಹೆಪಾರಿನ್ ಸರಪಳಿಯ ಒಂದು ತುದಿ ಮಾತ್ರ ಗಟ್ಟಿಯಾಗಿ ಕಟ್ಟಿ, ಉಳಿದದ್ದನ್ನು ರಕ್ತದಲ್ಲಿ ತೇಲಲು ಬಿಡುವ ವಿಧಾನ ಬಂತು. ಕಟ್ಟಿದ ದನ ಹಗ್ಗದಷ್ಟು ದೂರ ಮೇಯ್ದ ಹಾಗೆ, ಅದು ಇದ್ದಲ್ಲೇ ಇದ್ದು ಕೆಲಸ ಮಾಡುತ್ತೆ. ಇಂಥ ಗ್ರಾಫ್ಟ್ ಈಗ ಮಾರುಕಟ್ಟೆಯಲ್ಲಿ ಇದೆ, ಕಾಲಿನ ಬೈಪಾಸಿಗೆ ಹಾಕುತ್ತಾರೆ. ಡಯಾಲಿಸಿಸ್ ಗ್ರಾಫ್ಟಿನಲ್ಲಿ ಮಾತ್ರ ಅಷ್ಟು ಸ್ಪಷ್ಟ ಲಾಭ ಕಂಡಿಲ್ಲ. ಮೇಷ್ಟ್ರಿಗೆ ಸುಳ್ಳು ಆಸೆ ಹುಟ್ಟಿಸಲು ನನಗೆ ಇಷ್ಟ ಇಲ್ಲ.

ಕೌಲ್‌ಬಜಾರ್ ಜೀನ್ಸ್:

ನಮಸ್ಕಾರ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತೇನೆ. ನಮ್ಮ ಅಪ್ಪನಿಗೆ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿತ್ತು. ಆಪರೇಷನ್ ಮಾಡಿ ಬಟ್ಟೆಯ ನಳಿಗೆ ಹಾಕಿದ್ದಾರೆ. ಡಾಕ್ಟರ್ ತೋರಿಸಿದಾಗ ನಾನು ಕೈಯಲ್ಲಿ ಹಿಡಿದು ನೋಡಿದೆ. ನೇಯ್ದ ಪಾಲಿಯೆಸ್ಟರ್, ಉದ್ದಕ್ಕೂ ನೆರಿಗೆ. ನಮ್ಮ ಜೀನ್ಸ್ ಹೊಲಿಯುವ ದಾರದ ಒಳಗೂ ಪಾಲಿಯೆಸ್ಟರೇ ಇರೋದು. ಅದು ಹಾಕಿ ಒಂಬತ್ತು ವರ್ಷ ಆಯಿತು, ಅಪ್ಪ ಆರಾಮಾಗಿದ್ದಾರೆ. ಬಟ್ಟೆಯ ನಳಿಗೆ ಮುಚ್ಚಿಲ್ಲ, ಮೇಷ್ಟ್ರ ತಾಯಿಯ ನುಣ್ಣನೆಯ ನಳಿಗೆ ಎರಡು ಸಲ ಮುಚ್ಚಿದೆ. ಇದು ಹೇಗೆ? ಬಟ್ಟೆಯಿಂದ ರಕ್ತ ಸೋರಲ್ವಾ?

ಬಳ್ಳಾರಿ ಹೌಸ್ ಸರ್ಜನ್:

ಅಣ್ಣಾ, ಅದರ ಕಥೆಯಲ್ಲಿ ಹೊಲಿಗೆ ಮಷಿನ್ನೇ ಇದೆ. 1950ರ ದಶಕದಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೈಕಲ್ ಡಿಬೇಕಿ ಅನ್ನುವ ಸರ್ಜನ್ ನೈಲಾನ್ ಬಟ್ಟೆ ತರಲು ಅಂಗಡಿಗೆ ಹೋದರು. ನೈಲಾನ್ ಮುಗಿದಿತ್ತು. ಡೇಕ್ರಾನ್ ಅಂತ ಹೊಸ ಪಾಲಿಯೆಸ್ಟರ್ ಬಟ್ಟೆ ಇದೆ ಅಂದರು. ಅದನ್ನೇ ತಂದು ಹೆಂಡತಿಯ ಹೊಲಿಗೆ ಮಷಿನ್ನಿನಲ್ಲಿ ತಾವೇ ನಳಿಗೆ ಹೊಲಿದರು. ನೈಲಾನ್ ಮೈಯೊಳಗೆ ಬೇಗ ಬಲ ಕಳೆದುಕೊಳ್ಳುತ್ತೆ ಅಂತ ಆಮೇಲೆ ತಿಳಿಯಿತು. ಡೇಕ್ರಾನ್ ಇವತ್ತಿಗೂ ಉಳಿದಿದೆ.

ಸೋರುತ್ತಿತ್ತು. ಹಾಗಾಗಿ ಹಾಕುವ ಮುಂಚೆ ರೋಗಿಯದೇ ರಕ್ತದಲ್ಲಿ ನೆನೆಸಿ, ಎಳೆಗಳ ಸಂದಿಯಲ್ಲಿ ರಕ್ತ ಹೆಪ್ಪುಗಟ್ಟಲು ಬಿಡುತ್ತಿದ್ದರು. ಅಂದರೆ ಅಲ್ಲಿ ಹೆಪ್ಪುಗಟ್ಟುವುದೇ ಉಪಕಾರ ಮಾಡುತ್ತಿತ್ತು. ಈಗ ಕಂಪನಿಯವರೇ ಜೆಲಟಿನ್ ಅಥವಾ ಕೊಲಾಜನ್ ತುಂಬಿ ಕೊಡುತ್ತಾರೆ. ನೆರಿಗೆ ಇರುವುದು ಬಗ್ಗಿದಾಗ ಮಡಿಕೆ ಬಿದ್ದು ದಾರಿ ಮುಚ್ಚಬಾರದು ಅಂತ.

ನಿಮ್ಮ ಅಪ್ಪನದು ಯಾಕೆ ಮುಚ್ಚಿಲ್ಲ ಅಂದರೆ, ಅದು ಎರಡು ಸೆಂಟಿಮೀಟರ್ ಅಗಲದ ದಾರಿ. ರಕ್ತ ರಭಸದಿಂದ ಹೋಗುತ್ತೆ. ಗೋಡೆಗೆ ತೆಳು ಪದರ ಕಟ್ಟಿದರೂ ನಡುವೆ ದಾರಿ ಉಳಿಯುತ್ತೆ. ಆರು ಮಿಲಿಮೀಟರಿಗಿಂತ ಸಣ್ಣ ನಳಿಗೆಯಲ್ಲಿ ಅದೇ ಪದರ ಕಟ್ಟಿದರೆ ಕಥೆ ಮುಗಿಯಿತು. ಹೃದಯದ ಬೈಪಾಸಿಗೆ ಇವತ್ತಿಗೂ ಪ್ಲಾಸ್ಟಿಕ್ ಹಾಕಲ್ಲ, ಕಾಲಿನಿಂದಲೋ ಎದೆಯಿಂದಲೋ ರೋಗಿಯದೇ ನಾಳ ತೆಗೆದು ಜೋಡಿಸುತ್ತಾರೆ. ಅಲ್ಲಿನ ನಾಳ ಮೂರು ನಾಲ್ಕು ಮಿಲಿಮೀಟರ್ ಅಷ್ಟೇ.

ಗಂಗಾವತಿ ವಾಲ್ವ್:

ನನ್ನ ಎದೆಯಲ್ಲೂ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ. ಚಿಕ್ಕಂದಿನಲ್ಲಿ ಕೀಲುನೋವಿನ ಜ್ವರ ಬಂದು ಹೃದಯದ ವಾಲ್ವ್ ಕೆಟ್ಟಿತ್ತು. ಹದಿಮೂರು ವರ್ಷದ ಹಿಂದೆ ಚಿತ್ರಾ ವಾಲ್ವ್ ಹಾಕಿದರು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯಥಾನ್ ಅವರ ತಂಡ ಮಾಡಿದ್ದು. ಅವರು ಆಮೇಲೆ ನಮ್ಮ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದರು. ಹಿಂದಿನ ಮಾದರಿಗಳು ಒಂದಾದ ಮೇಲೆ ಒಂದು ಕೈಕೊಟ್ಟವು, ಆದರೂ ಅವರು ಬಿಡಲಿಲ್ಲ. 1990ರ ಡಿಸೆಂಬರಿನಲ್ಲಿ ಮೊದಲ ಸಲ ಮನುಷ್ಯನಿಗೆ ಹಾಕಿದರು. ಲೋಹದ ಚೌಕಟ್ಟು, ಸುತ್ತ ಪಾಲಿಯೆಸ್ಟರ್ ಬಟ್ಟೆಯ ಬಳೆ, ನಡುವೆ ಓಲಾಡುವ ಪಾಲಿಎಥಿಲೀನ್ ಬಿಲ್ಲೆ. ನಾವು ಸಂತೆಗೆ ಒಯ್ಯುವ ಚೀಲದ ಕುಟುಂಬದ್ದೇ, ಆದರೆ ಸರಪಳಿ ಎಷ್ಟೋ ಪಟ್ಟು ಉದ್ದ, ಸವೆಯುವುದು ಕಮ್ಮಿ. ರಾತ್ರಿ ಎಲ್ಲಾ ಸದ್ದು ನಿಂತ ಮೇಲೆ ಮೆಲ್ಲಗೆ ಟಿಕ್ ಅನ್ನುವುದು ನನಗೆ ಕೇಳಿಸುತ್ತೆ. ಆ ಸದ್ದು ಕೇಳಿಯೇ ನನಗೆ ನಿದ್ದೆ ಬರುವುದು.

ನನ್ನ ವಾಲ್ವ್ ಕೆಲಸ ಮಾಡುವುದು ಮಾತ್ರೆಯ ಬಲದಿಂದ. ರಕ್ತ ತೆಳು ಮಾಡುವ ಮಾತ್ರೆ ಒಂದು ದಿನವೂ ತಪ್ಪುವ ಹಾಗಿಲ್ಲ. ಐಎನ್‌ಆರ್ ಅಂತ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಕಮ್ಮಿಯಾದರೆ ಗಡ್ಡೆ ಕಟ್ಟುವ ಭಯ, ಜಾಸ್ತಿಯಾದರೆ ರಕ್ತಸ್ರಾವದ ಭಯ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತೆ, ಅದು ಮಾತ್ರೆಗೆ ವಿರುದ್ಧ ಕೆಲಸ ಮಾಡುತ್ತೆ. ಯಾರೋ ಪಲ್ಲೆ ಪೂರ್ತಿ ಬಿಡು ಅಂದರು, ಬಿಟ್ಟೆ. ರಕ್ತ ಜಾಸ್ತಿ ತೆಳುವಾಗಿ ವಸಡಿನಲ್ಲಿ ರಕ್ತ ಬಂತು. ಬಿಡಬೇಡ, ದಿನಾ ಒಂದೇ ಅಳತೆಯಲ್ಲಿ ತಿನ್ನು ಅಂತ ಆಮೇಲೆ ಒಬ್ಬ ಡಾಕ್ಟರ್ ತಿದ್ದಿದರು.

ಮಾನ್ವಿ ಕಾಕಾ ಅವರಿಗೆ ಒಂದು ಹೇಳಬೇಕು. ಈ ಜಾತಿಯ ಮಾತ್ರೆ ಹುಟ್ಟಿದ್ದೇ ದನದ ಕೊಟ್ಟಿಗೆಯಲ್ಲಿ. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಒಬ್ಬ ರೈತ, ಸತ್ತ ಕರು, ಬೂಷ್ಟು ಹಿಡಿದ ಮೇವು ಮತ್ತು ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ ತುಂಬಿಕೊಂಡು ಹಿಮದ ಮಳೆಯಲ್ಲಿ ವಿಶ್ವವಿದ್ಯಾಲಯಕ್ಕೆ ಹೋದ. ಕಾರ್ಲ್ ಲಿಂಕ್ ಅನ್ನುವವರ ತಂಡ ಆ ಮೇವಿನಲ್ಲಿದ್ದ ವಸ್ತು ಹುಡುಕಿತು. ಅದರಿಂದ ಮೊದಲು ಇಲಿ ಪಾಷಾಣ ಬಂತು, ಆಮೇಲೆ ನಾನು ದಿನಾ ನುಂಗುವ ವಾರ್ಫರಿನ್. ರಕ್ತಕ್ಕೆ ನಿಜವಾಗಿ ಒಗ್ಗುವ ಪ್ಲಾಸ್ಟಿಕ್ ಬಂದರೆ ನನ್ನಂಥವರು ಈ ಮಾತ್ರೆಯಿಂದ ಬಿಡುಗಡೆ ಆಗುತ್ತೇವೆ. ಕುಷ್ಟಗಿ ತಂಗಿ, ನೀವು ಮಾಡುತ್ತಿರುವ ಕೆಲಸಕ್ಕೆ ನಾನು ದಿನಾ ಕೈ ಮುಗಿಯುತ್ತೇನೆ.

ಬಳ್ಳಾರಿ ಹೌಸ್ ಸರ್ಜನ್:

ಒಂದು ವಿಷಯದಲ್ಲಿ ಕುಷ್ಟಗಿಯವರ ಮಾತಿಗೆ ಸೇರಿಸಬೇಕು. ಪ್ಲಾಸ್ಟಿಕ್ ಮೈಯ ಬಗ್ಗೆ ಅವರು ಹೇಳಿದ್ದು ಸರಿ. ಆದರೆ ಡಯಾಲಿಸಿಸ್ ಗ್ರಾಫ್ಟ್ ಮುಚ್ಚಲು ಮುಖ್ಯ ಕಾರಣ ಬಹಳ ಸಲ ಬೇರೆಯೇ ಇರುತ್ತೆ. ಗ್ರಾಫ್ಟಿನ ಕೊನೆ, ಹೃದಯಕ್ಕೆ ರಕ್ತ ವಾಪಸ್ ಒಯ್ಯುವ ನಮ್ಮ ಸ್ವಂತ ವೇನ್‌ಗೆ ಸೇರುವ ಜಾಗ ಇದೆಯಲ್ಲ, ಅಲ್ಲಿ ನೋಡಬೇಕು. ವೇನ್ ಮೆತ್ತಗಿನದು, ಅದಕ್ಕೆ ಜೋರು ರಕ್ತ ಗೊತ್ತೇ ಇಲ್ಲ. ಗ್ರಾಫ್ಟ್ ಬಿಗಿ, ಉಬ್ಬಲ್ಲ ಕುಗ್ಗಲ್ಲ. ಅದರೊಳಗಿನಿಂದ, ಹೃದಯದಿಂದ ರಕ್ತ ತರುವ ಆರ್ಟರಿಯ ರಭಸದ ರಕ್ತ ವೇನ್ ಗೋಡೆಗೆ ಹೊಡೆಯುತ್ತಾ ಇರುತ್ತೆ. ತಿಂಗಳುಗಟ್ಟಲೆ ಹೀಗಾದರೆ ಗೋಡೆಯ ಸ್ನಾಯುಕೋಶಗಳು ಒಳಮುಖವಾಗಿ ಬೆಳೆದು ದಾರಿ ಕಿರಿದಾಗುತ್ತೆ. ಹರಿವು ನಿಧಾನ ಆಗುತ್ತೆ. ನಿಧಾನ ಆದ ರಕ್ತ ಪ್ಲಾಸ್ಟಿಕ್ ಮೈಗೆ ಸಿಕ್ಕಿ ಹೆಪ್ಪುಗಟ್ಟುತ್ತೆ. ಕ್ಲಾಟ್, ಅಂದರೆ ಹೆಪ್ಪು, ಬರುವುದು ಎಲ್ಲದರ ಕೊನೆಗೆ.

ಮೇಷ್ಟ್ರು ಹೇಳಿದ ಅರ್ಧ ತಾಸಿನ ರಕ್ತ ಇದಕ್ಕೇ ಬೆರಳು ತೋರಿಸುತ್ತೆ. ಮೊದಲ ಸಲ ತೆರೆದಾಗ ಕ್ಲಾಟ್ ತೆಗೆದು ಕಳಿಸಿದರೋ, ಕಿರಿದಾದ ಜಾಗ ಹುಡುಕಿ ಬಲೂನ್ ಹಾಕಿ ಅಗಲ ಮಾಡಿದರೋ? ಇದನ್ನು ಕೇಳಲೇಬೇಕು. ಕಿರಿದಾದ ಜಾಗ ಹಾಗೇ ಬಿಟ್ಟರೆ ಮತ್ತೆ ಮುಚ್ಚುತ್ತೆ.

ಮಾನ್ವಿ ರೈತ:

ಇದು ನನಗೆ ಪೂರ್ತಿ ಅರ್ಥ ಆಯಿತು ಡಾಕ್ಟ್ರೇ. ಎಡದಂಡೆ ಕಾಲುವೆಯ ಸಿಮೆಂಟ್ ಮುಗಿದು ನಮ್ಮ ಮಣ್ಣಿನ ಹೊಲಗಾಲುವೆ ಶುರುವಾಗುವ ಬಾಯಲ್ಲೇ ಪ್ರತಿ ವರ್ಷ ಕೊರೆಯುವುದು, ಅಲ್ಲೇ ಹೂಳು ತುಂಬುವುದು. ಸಿಮೆಂಟ್ ಎಷ್ಟು ನುಣ್ಣಗಿದ್ದರೂ ಸೇರುವ ಬಾಯಿ ಕೆಟ್ಟರೆ ನೀರು ಬರಲ್ಲ.

ಕುಷ್ಟಗಿ ಪಾಲಿಮರ್:

ಡಾಕ್ಟರ್ ಹೇಳಿದ್ದನ್ನು ಒಪ್ಪುತ್ತೇನೆ. ನಾವು ಲ್ಯಾಬಿನಲ್ಲಿ ಒಂದು ತುಂಡು ಪ್ಲಾಸ್ಟಿಕ್ ಮೇಲೆ ರಕ್ತ ಬಿಟ್ಟು, ಎಷ್ಟು ಪ್ಲೇಟ್‌ಲೆಟ್ ಹಿಡಿಯಿತು, ಎಷ್ಟು ಕೆಂಪುಕಣ ಒಡೆಯಿತು ಅಂತ ಎಣಿಸುತ್ತೇವೆ. ಒಂದೆರಡು ತಾಸಿನ ಪರೀಕ್ಷೆ. ಅವ್ವನ ಕೈಯಲ್ಲಿ ಅದೇ ಪ್ಲಾಸ್ಟಿಕ್ ವರ್ಷಗಟ್ಟಲೆ ಇರಬೇಕು, ವಾರಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಸಿಕೊಳ್ಳಬೇಕು. ನಮ್ಮ ಪರೀಕ್ಷೆಯಲ್ಲಿ ಗೆದ್ದ ಎಷ್ಟೋ ಲೇಪನಗಳು ಮೈಯೊಳಗೆ ಸೋಲುವುದು ಇದಕ್ಕೇ.

ಹಾಗಾಗಿ ಈಗ ಕೆಲವರು ಬಿಗಿಯಾದ ಟೆಫ್ಲಾನ್ ಬಿಟ್ಟು, ನಾಳದಂತೆ ಉಬ್ಬಿ ಕುಗ್ಗುವ ಪಾಲಿಯುರಿಥೇನ್ ಅನ್ನುವ ಪ್ಲಾಸ್ಟಿಕ್ ಕಡೆ ನೋಡುತ್ತಿದ್ದಾರ‍ೆ. ಇನ್ನು ಕೆಲವರು ಪ್ಲಾಸ್ಟಿಕ್ಕನ್ನು ಬರೀ ಹಂದರವಾಗಿ ಬಳಸುತ್ತಾರೆ. ಕರಗುವ ಪಾಲಿಮರಿನ ಹಂದರದ ಮೇಲೆ ಮನುಷ್ಯನ ಜೀವಕೋಶ ಬೆಳೆಸುತ್ತಾರೆ. ಬಳ್ಳಿ ಹಬ್ಬಿದ ಮೇಲೆ ಹಂದರ ಕರಗುತ್ತೆ. ಆಮೇಲೆ ಜೀವಕೋಶಗಳನ್ನೂ ತೊಳೆದು ತೆಗೆದರೆ ಬರೀ ನಾರಿನ ನಾಳ ಉಳಿಯುತ್ತೆ, ಯಾರ ಮೈಗೂ ಹಾಕಬಹುದು. ಅಂಥ ಒಂದು ನಾಳಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಕೈಕಾಲಿನ ಆರ್ಟರಿಗೆ ಪೆಟ್ಟಾದವರಿಗೆ ಮಾತ್ರ, ಡಯಾಲಿಸಿಸಿಗೆ ಆ ಒಪ್ಪಿಗೆ ಅಲ್ಲ.

ಟೆಫ್ಲಾನನ್ನು ಬೈಯಲು ಮಾತ್ರ ನನಗೆ ಮನಸ್ಸಿಲ್ಲ. 1960ಕ್ಕೆ ಮುಂಚೆ ಕಿಡ್ನಿ ಪೂರ್ತಿ ಹೋದವರಿಗೆ ಡಯಾಲಿಸಿಸ್ ಮುಂದುವರಿಸಲು ದಾರಿಯೇ ಇರಲಿಲ್ಲ. ಪ್ರತಿ ಸಲ ಹೊಸ ನಾಳ ಕತ್ತರಿಸಬೇಕಿತ್ತು, ನಾಳ ಮುಗಿದರೆ ಜೀವ ಮುಗಿಯುತ್ತಿತ್ತು. ಆ ವರ್ಷ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅನ್ನುವ ಡಾಕ್ಟರ್ ಟೆಫ್ಲಾನ್ ಕೊಳವೆಯನ್ನು ಕೈಯಲ್ಲಿ ಕೂರಿಸಿ ಅಲ್ಲೇ ಬಿಟ್ಟರು. ಅವರ ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ ಆಮೇಲೆ ಹನ್ನೊಂದು ವರ್ಷ ಬದುಕಿದರು.

ಸಿಂಧನೂರು ಮೇಷ್ಟ್ರು:

ಹದಿನೆಂಟು ದಿನದ ಮೇಲೆ ಬರೆಯುತ್ತಿದ್ದೇನೆ. ಉತ್ತರ ಕೊಟ್ಟ ಎಲ್ಲರ ಹೆಸರನ್ನೂ ಅವ್ವನಿಗೆ ಓದಿ ಹೇಳಿದೆ. ಅವಳು ಜೀನ್ಸ್ ಹೊಲಿಯುವ ಅಣ್ಣನ ಅಪ್ಪನ ಆರೋಗ್ಯ ಎರಡು ಸಲ ಕೇಳಿದಳು.

ಶೀಟುಗಳನ್ನು ತೆಗೆಸಿದೆ ಸಿಸ್ಟರ್. ನೀವು ಹೇಳಿದ ಹಾಗೆಯೇ ಇತ್ತು. ವೀನಸ್ ಪ್ರೆಷರ್ ಆರು ವಾರದಿಂದ ಏರುತ್ತಲೇ ಬಂದಿದೆ, ಪ್ರತಿ ಸಲವೂ ಬರೆದಿದ್ದಾರೆ, ಯಾರೂ ಕೂಡಿಸಿ ನೋಡಿಲ್ಲ. ಆ ಹಾಳೆಗಳನ್ನು ಮತ್ತು ಬಳ್ಳಾರಿ ಡಾಕ್ಟರ ಪ್ರಶ್ನೆಯನ್ನು ಹಿಡಿದು ಬೇರೆ ಊರಿನ ಆಸ್ಪತ್ರೆಗೆ ಹೋದೆವು. ಮೊದಲ ಸಲ ಬರೀ ಕ್ಲಾಟ್ ತೆಗೆದಿದ್ದರು ಅಂತ ಹಳೆಯ ಕಾಗದ ನೋಡಿ ಹೇಳಿದರು. ಈ ಸಲ ಬಣ್ಣ ಬಿಟ್ಟು ಎಕ್ಸ್-ರೇ ತೆಗೆದು ತೋರಿಸಿದರು. ಗ್ರಾಫ್ಟ್ ವೇನ್‌ಗೆ ಸೇರುವ ಬಾಯಲ್ಲಿ ದಾರಿ ನೂಲಿನಷ್ಟಾಗಿತ್ತು. ಕ್ಲಾಟ್ ತೆಗೆದು ಅಲ್ಲಿಗೆ ಬಲೂನ್ ಹಾಕಿ ಅಗಲ ಮಾಡಿದ್ದಾರೆ. ಮತ್ತೆ ಕಿರಿದಾಗಬಹುದು, ಕಣ್ಣಿಟ್ಟಿರಿ ಅಂದರು. ನಿನ್ನೆ ಕುತ್ತಿಗೆಯ ಕ್ಯಾಥೆಟರ್ ತೆಗೆದರು. ಅವ್ವ ಮನೆಗೆ ಬಂದವಳೇ ತಲೆಗೆ ನೀರು ಹಾಕಿಸಿಕೊಂಡಳು.

ಈಗ ಬೆಳಗ್ಗೆ ಚಹಾಕ್ಕೆ ಮುಂಚೆ ಅವ್ವ ಕೈ ಚಾಚುತ್ತಾಳೆ. ನನ್ನ ಮಗಳು ಗ್ರಾಫ್ಟಿಗೆ ಕಿವಿ ಇಟ್ಟು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಯಾರಿಗೂ ಬಿಡುತ್ತಿಲ್ಲ.

ಟೆಫ್ಲಾನ್ ಪಾಠವನ್ನೂ ಈ ವಾರ ಬೇರೆ ಥರ ಮಾಡಿದೆ. ಬಾಣಲೆಯ ಮಾತು ಮುಗಿದ ಮೇಲೆ ಅವ್ವನ ಕೈಯ ಮಾತು ಹೇಳಿದೆ. ನೀರು ಬೇಡದ ಎರಡು ವಸ್ತು ನೀರಿನಲ್ಲಿ ಸೇರಿಕೊಳ್ಳುತ್ತವೆ ಅನ್ನುವುದನ್ನು ಎಣ್ಣೆ ಹಾಕಿ ತೋರಿಸಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, "ಸರ್, ಪಾಲಿಎಥಿಲೀನ್ ಗ್ಲೈಕಾಲ್ ಸಸಿ ಸವೆಯದ ಹಾಗೆ ಮಾಡಲು ಆಗಲ್ವಾ?" ಅಂದಳು. ಕುಷ್ಟಗಿಯವರೇ, ಅವಳಿಗೆ ಏನು ಓದಬೇಕು ಅಂತ ನೀವು ಹೇಳಬೇಕು.

ಕುಷ್ಟಗಿ ಪಾಲಿಮರ್:

ಮೇಷ್ಟ್ರೇ, ಅವಳು ಕೇಳಿದ್ದು ನನ್ನ ಮೂರನೇ ಅಧ್ಯಾಯದ ಪ್ರಶ್ನೆ. ಭಾನುವಾರ ಸಂಜೆ ಫೋನಿನಲ್ಲಿ ಮಾತಾಡಿಸಿ. ಮೊದಲು ಕೆಮಿಸ್ಟ್ರಿಯಲ್ಲಿ ಬಿಎಸ್‌ಸಿ, ಜೊತೆಗೆ ಬಯಾಲಜಿ ಬಿಡಬಾರದು, ಇಷ್ಟು ಈಗಲೇ ಹೇಳಿ.

ರಾಯಚೂರು ಡಯಾಲಿಸಿಸ್ ಸಿಸ್ಟರ್:

ಓದಿ ಕಣ್ಣು ತುಂಬಿತು ಮೇಷ್ಟ್ರೇ. ಒಂದು ಮಾತ್ರ ಹೇಳಲಿಲ್ಲ ನೀವು. ನಿನ್ನೆ ಸೂಜಿ ತೆಗೆದ ಮೇಲೆ ಹತ್ತಿ ಎಷ್ಟು ಹೊತ್ತು ಹಿಡಿದಿರಿ?

ಸಿಂಧನೂರು ಮೇಷ್ಟ್ರು:

ಎಂಟು ನಿಮಿಷ ಸಿಸ್ಟರ್. ಗಡಿಯಾರ ನೋಡಿಕೊಂಡೇ ಹಿಡಿದಿದ್ದೆ.